ಹೊರೆ ಮತ್ತು ನೋವು

ಬೆನ್ನ ಮೇಲೆ ಭಾರ ಹೊತ್ತು ಬೆಟ್ಟ ಹತ್ತುವ ಚಾರಣದಲ್ಲಿ ಕಷ್ಟವನ್ನು ಯಾರೂ ಹೇರಿರುವುದಿಲ್ಲ. ಚಾರಣಿಗ ತಾನೇ ಆರಿಸಿಕೊಂಡಿರುತ್ತಾನೆ. ಇಲ್ಲದಿದ್ದರೂ ನಡೆಯುವಂಥ ಅಡ್ಡಿಗಳನ್ನು ಸ್ವಇಚ್ಛೆಯಿಂದ ಒಪ್ಪಿ, ಅವನ್ನು ದಾಟಲು ಹೆಣಗುವುದೇ ಆಟ ಎಂದು ತತ್ತ್ವಚಿಂತಕ ಬರ್ನಾರ್ಡ್ ಸೂಟ್ಸ್ ‘ದಿ ಗ್ರಾಸ್‌ಹಾಪರ್’ (1978) ಕೃತಿಯಲ್ಲಿ ವಾದಿಸಿದರು. ಆ ಅರ್ಥದಲ್ಲಿ ಚಾರಣವೂ ಒಂದು ಆಟವೇ. ಹಾಗಾದರೆ ಹೊರೆಯನ್ನು ಹಿತವಾಗಿಸುವ ಸಲಕರಣೆ ಆಟದ ಸತ್ವವನ್ನೇ ಕುಂದಿಸುತ್ತದೆಯೇ?

ಉತ್ತರಕ್ಕೆ ಮೊದಲು ಆ ಸಲಕರಣೆ ಮಾಡುವುದೇನೆಂದು ನೋಡಬೇಕು. ಆಸ್ಪ್ರೆ ಕಂಪನಿ 2022ರಲ್ಲಿ ಹೊರತಂದ ‘ಅನ್‌ಲಿಮಿಟೆಡ್’ ಸರಣಿಯ ಬೆನ್ನುಚೀಲಗಳಲ್ಲಿ, ಕೆಳಬೆನ್ನಿಗೆ ಒತ್ತಿಕೊಳ್ಳುವ ಮೆತ್ತೆಯನ್ನು 3ಡಿ ಮುದ್ರಣದಿಂದ ತಯಾರಿಸಲಾಗಿದೆ. ದ್ರವರೂಪದ ರಾಳವನ್ನು ಬೆಳಕಿನಿಂದ ಗಟ್ಟಿಗೊಳಿಸಿ ಕಟ್ಟಿದ ಜಾಲರಿ ಅದು. ಇಂಥ ಜಾಲರಿಯ ಎಳೆಗಳ ದಪ್ಪವನ್ನೂ ಕಣ್ಣುಗಳ ಗಾತ್ರವನ್ನೂ ಬದಲಿಸಿದರೆ, ಒಂದೇ ತುಂಡು ಒಂದೆಡೆ ಮೆತ್ತಗೆ, ಇನ್ನೊಂದೆಡೆ ಬಿಗಿಯಾಗಿ ಇರಬಲ್ಲದು, ಗಾಳಿಯೂ ಆಡುತ್ತದೆ. ಇದರಿಂದ ಹೊರೆಯ ತೂಕ ಕಡಿಮೆಯಾಗುವುದಿಲ್ಲ. ಒಂದೇ ಜಾಗದಲ್ಲಿ ಒತ್ತುತ್ತಿದ್ದ ಭಾರ ಹೆಚ್ಚು ವಿಸ್ತೀರ್ಣಕ್ಕೆ ಹರಡಿ, ಒತ್ತಡವಷ್ಟೇ ತಗ್ಗುತ್ತದೆ.

ಭಾರತೀಯ ಶ್ರಮಣ ಪರಂಪರೆಗಳು ಈ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕಾಣಲು ನೆರವಾಗುತ್ತವೆ. ಏನನ್ನೂ ಕೂಡಿಡದ ಅಪರಿಗ್ರಹ ವ್ರತದ ದಿಗಂಬರ ಜೈನ ಮುನಿಗಳು ನವಿಲುಗರಿಯ ಪಿಂಛಿ, ನೀರಿನ ಕಮಂಡಲುಗಳಂಥ ಕೆಲವನ್ನೇ ಇಟ್ಟುಕೊಂಡು ಕಾಲ್ನಡಿಗೆಯಲ್ಲಿ ವಿಹರಿಸುತ್ತಾರೆ. ಆ ದೃಷ್ಟಿಯಲ್ಲಿ ಹಗುರಾಗಬೇಕಾದದ್ದು ಹೊರೆಯೇ. ಮೆತ್ತೆ ಹಿತವಾದಷ್ಟೂ ಚೀಲಕ್ಕೆ ಇನ್ನಷ್ಟು ತುಂಬುವ ಆಸೆ ಬೆಳೆಯಬಹುದು. ಭೋಗದ ಜೊತೆಗೆ ದೇಹದಂಡನೆಯ ಅತಿಯನ್ನೂ ತೊರೆದ ಬುದ್ಧನ ಮಧ್ಯಮ ಮಾರ್ಗದಲ್ಲಾದರೋ, ಗುರಿಗೆ ನೆರವಾಗದ ನೋವಿಗೆ ಬೆಲೆಯಿಲ್ಲ.

ಇಲ್ಲಿ ಒಂದು ವಿವೇಚನೆ ಅಗತ್ಯ. ಏರು, ದೂರ, ತೂಕ ಇವು ಚಾರಣಿಗ ಒಪ್ಪಿಕೊಂಡ ಕಷ್ಟಗಳು. ಚೀಲ ಬೆನ್ನಿನ ಒಂದೇ ಜಾಗಕ್ಕೆ ಒತ್ತಿ ನೋಯಿಸುವುದು ಸಲಕರಣೆಯ ದೋಷ. ಜಾಲರಿಯ ಮೆತ್ತೆ ಎರಡನೆಯದನ್ನು ತಗ್ಗಿಸಿ ಮೊದಲನೆಯದನ್ನು ಹಾಗೆಯೇ ಉಳಿಸುವುದರಿಂದ ಆಟಕ್ಕೆ ಕುಂದಿಲ್ಲ. ಹೊರುವ ಕೆಲಸವನ್ನೇ ಮೋಟಾರಿಗೆ ವಹಿಸಿದರೆ ಮಾತು ಬೇರೆ.

ಹಣೆಪಟ್ಟಿಗೆ ಬುಟ್ಟಿ ಕಟ್ಟಿ ಇತರರ ಸಾಮಾನು ಹೊರುವ ನೇಪಾಳದ ಹಮಾಲರಿಗೆ ಈ ವಾದ ಅನ್ವಯಿಸುವುದಿಲ್ಲ. ಅವರ ಹೊರೆ ಹೊಟ್ಟೆಪಾಡು. ಅಲ್ಲಿ ನೋವನ್ನು ತಗ್ಗಿಸಿದರೆ ಸಾಲದು, ತೂಕವನ್ನೂ ಇಳಿಸಬೇಕು. ಅದರಿಂದ ಯಾವ ಆಟವೂ ಕೆಡುವುದಿಲ್ಲ.