ಬೆಳಕು ಕರ್ತೃವೋ, ನಿಮಿತ್ತವೋ

ಗದ್ದೆಗೆ ನೀರು ಹಾಯಿಸುವ ಒಕ್ಕಲಿಗನು ನೀರನ್ನು ಕೈಯಿಂದ ತಳ್ಳಿಕೊಂಡು ಹೋಗುವುದಿಲ್ಲ; ಮೇಲಣ ಮಡಿಯಲ್ಲಿ ತುಂಬಿ ನಿಂತ ನೀರಿಗೆ ಅಡ್ಡವಾಗಿರುವ ಬದುವನ್ನು ಗುದ್ದಲಿಯಿಂದ ಕಡಿಯುತ್ತಾನೆ, ಕೆಳಗಣ ಮಡಿಗೆ ಇಳಿಯುವುದು ನೀರಿನ ಸ್ವಭಾವವೇ ಆಗಿದೆ. ಪತಂಜಲಿಯು ಯೋಗಸೂತ್ರದ ಕೈವಲ್ಯಪಾದದ ಮೂರನೆಯ ಸೂತ್ರದಲ್ಲಿ ಈ ಕ್ಷೇತ್ರಿಕನನ್ನೇ ದೃಷ್ಟಾಂತವಾಗಿ ತಂದು, ನಿಮಿತ್ತಕ್ಕಿರುವ ವ್ಯಾಪಾರವು ಅಡ್ಡಿಯನ್ನು ತೆಗೆಯುವುದೊಂದೇ ಎಂಬ ಪಕ್ಷವನ್ನು ಸ್ಥಾಪಿಸಿದನು. ಇಂದಿನ ಔಷಧವಿಜ್ಞಾನದ ಒಂದು ಪ್ರಯೋಗವನ್ನು ತಿಳಿದಂದಿನಿಂದ ಈ ದೃಷ್ಟಾಂತವು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಫಾಸ್ಫೊಲಿಪಿಡ್ ಎಂಬ ಮೇದೋದ್ರವ್ಯದ ಅಣುವಿಗೆ ತಲೆಯು ನೀರನ್ನು ಬಯಸುವುದು, ಬಾಲಗಳು ನೀರನ್ನು ತೊರೆಯುವುವು; ಆದುದರಿಂದ ಅದು ನೀರಿನಲ್ಲಿ ತಾನೇ ತಾನಾಗಿ ಎರಡು ಪದರದ ಪೊರೆಯಾಗಿ ಬಾಗಿ, ತನ್ನೊಳಗೊಂದು ಹನಿಯನ್ನು ಬಚ್ಚಿಟ್ಟುಕೊಳ್ಳುವ ಕೋಶವಾಗುತ್ತದೆಂಬುದನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಕಂಡರು. ಲಿಪೊಸೋಮ್ ಎಂದು ಹೆಸರಾದ ಈ ಕೋಶಗಳಲ್ಲಿ ಔಷಧಕ್ಕೆ ಬಳಸುವಂಥವು ಸುಮಾರು 100 ನ್ಯಾನೊಮೀಟರ್ ಅಗಲದವು, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಕ್ಯಾನ್ಸರನ್ನು ಕೊಲ್ಲುವ, ಆದರೆ ಹೃದಯವನ್ನೂ ನೋಯಿಸುವ ಡಾಕ್ಸೊರುಬಿಸಿನ್ನನ್ನು ಇವುಗಳಲ್ಲಿ ತುಂಬಿ ಕೊಡಲು 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೊರುವುದೇನೋ ಸಾಧ್ಯವಾಯಿತು, ಬೇಕಾದ ಠಾವಿನಲ್ಲಿ ಇಳಿಸುವುದು ಹೇಗೆ? ಬಫೆಲೊ ನಗರದ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಉಪಾಯವು ಹೀಗಿದೆ: ನಮ್ಮ ರಕ್ತದ ಕೆಂಪಿಗೂ ಎಲೆಯ ಹಸುರಿಗೂ ಜ್ಞಾತಿಯಾದ ಪಾರ್ಫಿರಿನ್ನನ್ನು ಪೊರೆಯಲ್ಲಿ ಹೆಣೆದು, ಮಾಂಸದೊಳಕ್ಕೆ ತುಸು ಇಳಿಯಬಲ್ಲ ಕಡುಗೆಂಪು ಬೆಳಕನ್ನು ಅದರ ಮೇಲೆ ಬೀರಿದರೆ, ಪೊರೆಯು ಸಡಿಲಗೊಂಡು ಔಷಧವು ಹೊರಸೂಸುತ್ತದೆ. ಬೆಳಕು ಬೀಳದ ಕಡೆ ಕೋಶವು ಮುಚ್ಚಿಯೇ ಇರುತ್ತದೆ.

ಹಾಗಾದರೆ ಇಲ್ಲಿ ಗುಣಪಡಿಸಿದುದು ಯಾವುದು? ಬೆಳಕಿನಲ್ಲಿ ಔಷಧವಿಲ್ಲ, ಔಷಧದಲ್ಲಿ ದಾರಿಯಿಲ್ಲ. ನಮ್ಮ ಶಾಸ್ತ್ರಕಾರರಿಗೆ ಈ ಚರ್ಚೆ ಹೊಸದಲ್ಲ. ಬೆಂಕಿಯ ಬಳಿ ಒಂದು ಮಣಿಯನ್ನಿಟ್ಟರೆ ಅದು ಸುಡದೆಂದೂ ಮಣಿಯನ್ನು ತೆಗೆದೊಡನೆ ಸುಡುವುದೆಂದೂ ಭಾವಿಸಿಕೊಂಡು ಅವರು ವಾದಿಸಿದರು. ಬೆಂಕಿಯಲ್ಲಿ ಶಕ್ತಿಯೆಂಬುದೊಂದಿದೆ, ಮಣಿಯು ಅದನ್ನು ಕುಂದಿಸುತ್ತದೆ ಎಂದರು ಮೀಮಾಂಸಕರು. ಬೇರೊಂದು ಶಕ್ತಿಯನ್ನು ಕಲ್ಪಿಸಬೇಕಾಗಿಲ್ಲ, ಪ್ರತಿಬಂಧಕದ ಅಭಾವವೂ ಕಾರಣಗಳಲ್ಲೊಂದು ಎಂದರು ನೈಯಾಯಿಕರು. ಈ ವಿಷಯದಲ್ಲಿ ನಾನು ನೈಯಾಯಿಕರ ಕಡೆಯವನು. ಅಡ್ಡಿಯು ನೀಗುವುದೂ ಕಾರಣವೆಂದಮೇಲೆ, ಅದನ್ನು ನೀಗಿಸಿದವನು ಕಾರ್ಯದ ಹೊಣೆಯಿಂದ ಜಾರಿಕೊಳ್ಳಲಾರನು.

ರೋಗಿಯು ಕೈಮುಗಿದಾಗ ನಮ್ಮ ವೈದ್ಯರು “ನಾವು ನಿಮಿತ್ತಮಾತ್ರ” ಎನ್ನುವುದುಂಟು. ಆ ವಿನಯವನ್ನು ನಾನು ಗೌರವಿಸುತ್ತೇನೆ, ಆದರೆ ಆ ‘ಮಾತ್ರ’ವನ್ನು ಒಪ್ಪಲಾರೆ. ನೀರಿಗೆ ಯಾವ ಪಾತಿ ಒಣಗಿದೆಯೆಂಬ ಅರಿವಿಲ್ಲ; ಬದುವನ್ನು ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಕಡಿಯಬೇಕೆಂಬ ವಿವೇಕವು ಒಕ್ಕಲಿಗನದು, ಅದು ತಪ್ಪಿದರೆ ಪೈರು ಕೊಳೆಯುವ ಪಾಪವೂ ಅವನದೇ.

ಬೆಳಕನ್ನು ಹಿಡಿಯುವ ವೈದ್ಯನಿಗೂ ಇದೇ ಹೊಣೆ. ಕಣ್ಣಿನ ಚಿಕಿತ್ಸೆಯಲ್ಲಿ 2000ದಿಂದ ಬಳಕೆಯಲ್ಲಿರುವ ವರ್ಟೆಪೊರ್ಫಿನ್ ಲಿಪೊಸೋಮಿನಲ್ಲೇ ಪ್ರಯಾಣಮಾಡುವ ಔಷಧ. ಅಲ್ಲಿ ಬೆಳಕು ಕದ ತೆರೆಯುವುದಕ್ಕಲ್ಲ, ಔಷಧವನ್ನೇ ಎಚ್ಚರಿಸುವುದಕ್ಕೆ. ವೈದ್ಯನು ಅಕ್ಷಿಪಟಲದ ರೋಗಸ್ಥಾನದ ಮೇಲೆ 83 ಸೆಕೆಂಡುಗಳ ಕಾಲ ಕೆಂಪು ಲೇಸರನ್ನು ಹಿಡಿದು ನಿಲ್ಲಿಸುತ್ತಾನೆ. ಆಮೇಲೆ 5 ದಿನ ರೋಗಿಯು ಬಿಸಿಲಿಗೆ ಮೈಯೊಡ್ಡಬಾರದೆಂದು ಅಮೆರಿಕದ ಔಷಧಸೂಚಿಯು ವಿಧಿಸುತ್ತದೆ, ಏಕೆಂದರೆ ಮೈಯಲ್ಲಿ ಉಳಿದ ಔಷಧದ ಮೇಲೆ ಬಿದ್ದ ಸೂರ್ಯನ ಬೆಳಕು ಚರ್ಮವನ್ನು ಸುಡುತ್ತದೆ.