ನಿಂತ ಸ್ಥಳವೂ ಒಪ್ಪಿಸಿದ ಕೆಲಸವೂ



ಸಾಯಂಕಾಲದ ಪ್ರಾರ್ಥನೆ ತೀರಿದ ಮೇಲೆ ಯೌವನಸ್ಥರು ದೇವಾಲಯದ ಕಟ್ಟೆಯ ಮೇಲೆ ಕೂತು ಕಾಲ್ಚೆಂಡಾಟಗಾರರ ವಿಷಯವಾಗಿ ವಾದಿಸುವದನ್ನು ನಾವು ಅನೇಕಾವರ್ತಿ ಕೇಳಿದ್ದೇವೆ. ಈ ತಂಡದವನೇ ಶ್ರೇಷ್ಠನೆಂದು ಒಬ್ಬನು, ಆ ತಂಡದವನೇ ಶ್ರೇಷ್ಠನೆಂದು ಮತ್ತೊಬ್ಬನು. ಅಳತೆ ಮಾತ್ರ ಇಬ್ಬರದೂ ಒಂದೇ. ಅದೇನಂದರೆ, ಯಾರು ಎಷ್ಟು ಗೋಲು ಹೊಡೆದರೆಂಬದು. ಈ ಅಳತೆ ಸರಿಯೋ? ಇದನ್ನು ಕುರಿತು ಸ್ವಲ್ಪ ಆಲೋಚಿಸೋಣ. ಯಾಕಂದರೆ ಇದೇ ಅಳತೆಯು ಆಟದ ಬೈಲನ್ನು ದಾಟಿ ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಹೊಕ್ಕಿದೆ.

ಒಂದೊಂದು ಪಕ್ಷಕ್ಕೆ 11 ಮಂದಿ. ಒಬ್ಬನು ಗೋಲು ಕಾಯುತ್ತಾನೆ. ಅವನ ಮುಂದೆ ಹಿಂಸಾಲಿನವರು, ಬಳಿಕ ನಡುಸಾಲಿನವರು, ಎಲ್ಲರಿಗಿಂತ ಮುಂದೆ ಮುಂಸಾಲಿನವರು. ಈ ಹೆಸರುಗಳು ಎಲ್ಲಾ ತಂಡಗಳಲ್ಲಿಯೂ ಒಂದೇ ಆಗಿದ್ದರೂ ಕೆಲಸವು ಒಂದೇ ಅಲ್ಲ. 1925ರಲ್ಲಿ ಆಫ್‌ಸೈಡ್ ನಿಯಮವು ಬದಲಾಯಿತು. ಅದಕ್ಕೆ ಮುಂಚೆ, ಮುಂದೆ ಹೋದ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಾಗಿತ್ತು. ಆಮೇಲೆ ಇಬ್ಬರು ಸಾಕೆಂದಾಯಿತು. ಗೋಲುಗಳು ಹೆಚ್ಚಿದವು. ಆಗ ಲಂಡನ್ನಿನ ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್‌ಮನ್ನರು, ನಡುಸಾಲಿನ ಮಧ್ಯದಲ್ಲಿ ಸ್ವತಂತ್ರವಾಗಿ ಓಡಾಡುತ್ತಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಕರೆದು ಇಬ್ಬರು ಕಾವಲುಗಾರರ ನಡುವೆ ನಿಲ್ಲಿಸಿದರು. ಹೆಸರು ಹಳೆಯದೇ ಉಳಿಯಿತು, ಕೆಲಸ ಬೇರೆಯಾಯಿತು.

1953ನೆಯ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿಯವರು ಇಂಗ್ಲೆಂಡಿನವರನ್ನು 6-3ರಿಂದ ಸೋಲಿಸಿದರು. ಹಂಗೇರಿಯ ನಾಂದೋರ್ ಹಿದೆಗ್ಕುಟಿಯವರ ಬೆನ್ನಿನ ಮೇಲೆ ಸೆಂಟರ್ ಫಾರ್ವರ್ಡಿನ 9ನೆಯ ಅಂಕೆ ಇತ್ತು. ಆದರೆ ಅವರು ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದರು. ಅವರನ್ನು ಕಾಯಬೇಕಾದವನು ಹಿಂಬಾಲಿಸಿದರೆ ಗೋಲಿನ ಮುಂದೆ ದಾರಿ ತೆರೆಯಿತು, ಹಿಂಬಾಲಿಸದಿದ್ದರೆ ಅವರಿಗೆ ಅಡ್ಡಿಯೇ ಇಲ್ಲದೆ ಹೋಯಿತು. ಆ ದಿನ ಅವರೊಬ್ಬರೇ 3 ಗೋಲು ಹೊಡೆದರು. ಅಂಕೆಯನ್ನು ನೋಡಿ ಮನುಷ್ಯನ ಕೆಲಸವನ್ನು ತಿಳಿದೆವೆಂದು ನೆನಸಿದವರು ಹೀಗೆ ಮೋಸಹೋದರು.

ಇನ್ನೊಂದು ದೃಷ್ಟಾಂತ. 1970ರಲ್ಲಿ ಮೆಕ್ಸಿಕೋ ದೇಶದಲ್ಲಿ ಲೋಕಕಪ್ಪನ್ನು ಗೆದ್ದ ಬ್ರೆಜಿಲಿನವರಲ್ಲಿ ಪೆಲೆ, ತೊಸ್ತಾವ್, ರಿವೆಲಿನೋ, ಜೆರ್ಸನ್ ಮೊದಲಾದವರು ತಮ್ಮ ತಮ್ಮ ತಂಡಗಳಲ್ಲಿ ಆಟವನ್ನು ನಡಿಸುವ ಮುಖ್ಯಸ್ಥರಾಗಿದ್ದರು. ಆದರೆ ದೇಶದ ತಂಡದಲ್ಲಿ ಎಲ್ಲರಿಗೂ ಅದೇ ಸ್ಥಳ ಕೊಡುವದು ಹೇಗೆ? ರಿವೆಲಿನೋ ಎಡಗಡೆಗೆ ಸರಿದರು. ತೊಸ್ತಾವ್ ಮುಂದೆ ನಿಂತು ಪೆಲೆಗೆ ಜಾಗ ಬಿಡಿಸಿದರು. ಕ್ರುಜೆಯ್ರೋ ತಂಡದಲ್ಲಿ ನಡುಸಾಲಿನವರಾಗಿದ್ದ ಪಿಯಾಜಾ ಹಿಂಸಾಲಿಗೆ ಇಳಿದರು. ಅಂತಿಮ ಆಟದಲ್ಲಿ ಇಟಲಿಯವರನ್ನು 4-1ರಿಂದ ಸೋಲಿಸಿದಾಗ ತೊಸ್ತಾವ್ ಒಂದು ಗೋಲೂ ಹೊಡೆಯಲಿಲ್ಲ. ಕಡೇ ಗೋಲು ಹೊಡೆದವರು ಹಿಂಸಾಲಿನ ಕಾರ್ಲೋಸ್ ಆಲ್ಬೆರ್ತೋ. ಆದರೆ ಆ ಚೆಂಡನ್ನು ತಮ್ಮ ಪಕ್ಷದ ಅರ್ಧಭಾಗಕ್ಕೆ ಓಡಿಬಂದು ಎದುರಾಳಿಯಿಂದ ಕಸಿದುಕೊಂಡವರು ಮುಂಸಾಲಿನ ತೊಸ್ತಾವ್. ಹಿಂದಿನವನು ಹೊಡೆದನು, ಮುಂದಿನವನು ಹಿಂದೆ ದುಡಿದನು. ಇವರಲ್ಲಿ ಯಾರು ದೊಡ್ಡವರೆಂದು ಗೋಲಿನ ಲೆಕ್ಕದಿಂದ ಹೇಳುವದಾಗದು.

ದೂರದೇಶದ ಮಾತು ಸಾಕು. 1962ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯಾ ಕ್ರೀಡೆಗಳಲ್ಲಿ ನಮ್ಮ ಭಾರತದ ತಂಡದ ಜರ್ನೇಲ್ ಸಿಂಗರು ಹಿಂಸಾಲಿನ ಗಟ್ಟಿ ಕಾವಲುಗಾರರು; ಕಲ್ಕತ್ತೆಯ ಮೋಹನ್ ಬಗಾನಿನಲ್ಲಿಯೂ ಅವರ ಕೆಲಸ ಅದೇ. ಥಾಯ್ಲೆಂಡಿನವರ ಸಂಗಡ ಆಡುವಾಗ ಅವರ ತಲೆಗೆ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ತಂಡದ ಗುರುಗಳಾದ ಸೈಯದ್ ಅಬ್ದುಲ್ ರಹೀಮರು ಅವರನ್ನು ಕೈಬಿಡದೆ, ಹಿಂಸಾಲಿನಿಂದ ಎಬ್ಬಿಸಿ ಮುಂಸಾಲಿನಲ್ಲಿ ನಿಲ್ಲಿಸಿದರು. ಗಾಯದ ತಲೆಯಿಂದ ಆಡಿದ ಅವರು ಉಪಾಂತ್ಯದ ಆಟದಲ್ಲಿಯೂ ಅಂತಿಮ ಆಟದಲ್ಲಿಯೂ ಗೋಲು ಹೊಡೆದರು. ಸಪ್ಟೆಂಬರ್ 4ರಂದು ದಕ್ಷಿಣ ಕೊರಿಯದವರನ್ನು 2-1ರಿಂದ ಗೆದ್ದು ಭಾರತವು ಚಿನ್ನದ ಪದಕವನ್ನು ಪಡೆಯಿತು. ಅಂದು ಗೋಲು ಕಾದ ಪೀಟರ್ ತಂಗರಾಜರಾದರೋ, ಸೈನ್ಯದಲ್ಲಿ ಆಟವಾಡಲು ತೊಡಗಿದಾಗ ಸೆಂಟರ್ ಫಾರ್ವರ್ಡ್ ಆಗಿದ್ದವರು. ಕಾವಲುಗಾರನು ಮುಂದೆ, ಮೊದಲು ಮುಂದಾಡುತ್ತಿದ್ದವನು ಕಾವಲಿಗೆ! ರಹೀಮರು ಅರ್ಬುದರೋಗದಿಂದ ಬಳಲುತ್ತಲೇ ತಂಡವನ್ನು ನಡಿಸಿ ಮರುವರುಷ ತೀರಿಕೊಂಡರು.

ಇವುಗಳಿಂದ ನಾವು ಕಲಿಯತಕ್ಕದ್ದೇನು? ಮೊದಲನೆಯದು, ಒಬ್ಬನನ್ನು ಮತ್ತೊಬ್ಬನಿಗೆ ಹೋಲಿಸುವ ಮುಂಚೆ ಅವನಿಗೆ ಒಪ್ಪಿಸಿದ ಕೆಲಸವೇನೆಂದು ಕೇಳಬೇಕು. ಎರಡನೆಯದು, ಸ್ಥಳವು ನಮ್ಮ ಸ್ವತ್ತಲ್ಲ. ತಂಡದ ಕೊರತೆ ಎಲ್ಲಿಯೋ ನಮ್ಮ ಸ್ಥಳ ಅಲ್ಲಿಯೇ. ಮೂರನೆಯದು ಸಭೆಯ ಹಿರಿಯರಿಗೆ: ಒಬ್ಬನನ್ನು ಸ್ಥಳದಿಂದ ಸರಿಸುವವನು ಅವನ ಬಲವನ್ನೂ ಗಾಯವನ್ನೂ ಅರಿತವನಾಗಿರಬೇಕು. ಮುನಿಸಿನಿಂದ ಇಳಿಸುವದೂ ಮುಖದಾಕ್ಷಿಣ್ಯದಿಂದ ಏರಿಸುವದೂ ಪಾಪವೇ. ಒಂದೇ ದೇಹಕ್ಕೆ ಅನೇಕ ಅಂಗಗಳಿರುವ ವಿಷಯವಾಗಿ ಪೌಲನು ಕೊರಿಂಥದ ಸಭೆಗೆ ಬರೆದದ್ದನ್ನು ಈ ವಾರ ಮನೆಯಲ್ಲಿ ತಿರಿಗಿ ಓದಿರಿ.

ನಮ್ಮ ಸ್ವಂತ ತಪ್ಪನ್ನೂ ಮರೆಮಾಡಲಾರೆವು. ಕೆಲವು ವರುಷಗಳ ಹಿಂದೆ ದೊಡ್ಡ ಸಭೆಯೊಂದರಿಂದ ಒಂಭತ್ತು ಮನೆಗಳ ಹಳ್ಳಿಗೆ ನಮ್ಮನ್ನು ಕಳುಹಿಸಿದಾಗ ನಾವು ಗುಣುಗುಟ್ಟಿದೆವು. ಮೂರು ತಿಂಗಳು ಕಳೆದರೂ ಪುಸ್ತಕದ ಪೆಟ್ಟಿಗೆಯ ಹಗ್ಗವನ್ನು ಬಿಚ್ಚಲಿಲ್ಲ. ಪ್ರತಿ ಶನಿವಾರ ದೇವಾಲಯವನ್ನು ಗುಡಿಸುತ್ತಿದ್ದ ಮುದುಕಿಯೊಬ್ಬಳು ಅದನ್ನು ನೋಡಿ, “ಅಯ್ಯನವರೇ, ನೀವು ಬಂದಿರಿ, ನಿಮ್ಮ ಪೆಟ್ಟಿಗೆ ಇನ್ನೂ ಬಂದ ಹಾಗಿಲ್ಲ” ಅಂದಳು. ನಮಗೆ ಮರುಮಾತು ಹೊರಡಲಿಲ್ಲ. ಆ ರಾತ್ರಿಯೇ ಹಗ್ಗವನ್ನು ಬಿಚ್ಚಿದೆವು. ತನಗೆ ಒಪ್ಪಿಸಿದ ಸ್ಥಳವನ್ನು ಅವಳು ಪೊರಕೆ ಹಿಡಿದು ಕಾಯುತ್ತಿದ್ದಳು. ನಾವಾದರೋ ಬೈಲಿಗೆ ಇಳಿದೂ ಆಡದೆ ನಿಂತಿದ್ದೆವು.

ಪ್ರಿಯರೇ, ಕೀರ್ತನೆ ಎತ್ತುವ ಕೆಲಸ ತಪ್ಪಿಹೋಯಿತೆಂದು ಆರಾಧನೆಗೆ ಬಾರದೆ ಇರುವವರು ನಿಮ್ಮಲ್ಲಿ ಇದ್ದಾರೋ? ದೀಪ ಹಚ್ಚುವದೂ ಚಾಪೆ ಹಾಸುವದೂ ತನ್ನ ಯೋಗ್ಯತೆಗೆ ಕಡಿಮೆಯೆಂದು ನೆನಸುವವರು ಇದ್ದಾರೋ? ಈ ಭಾನುವಾರ ಬನ್ನಿರಿ. ಯಾವ ಸ್ಥಳ ಬರಿದಾಗಿದೆಯೋ ನೋಡಿರಿ, ಅಲ್ಲಿ ನಿಲ್ಲಿರಿ. ಗೋಲಿನ ಲೆಕ್ಕವನ್ನು ಮನುಷ್ಯರು ಬರೆದುಕೊಳ್ಳಲಿ. ನಿಂತವರನ್ನೂ ಕಾದವರನ್ನೂ ಬಲ್ಲಾತನು ಒಬ್ಬನಿದ್ದಾನೆ. ಆತನ ಲೆಕ್ಕದಲ್ಲಿ ನಮ್ಮ ಕೆಲಸವು ಬಿಟ್ಟುಹೋಗದು. ಆಮೆನ್.