ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಅಮಾನತ್



ಹೆಗಡೆಕಟ್ಟಾದಂತಹ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಶಿರಸಿ ಪೇಟೆಗೆ ದುಡಿಯಲು ಹೋಗುವ ಯುವಕರು ನಮ್ಮಲ್ಲಿ ಅನೇಕರಿದ್ದಾರೆ. ಕೆಲವರು ಬಟ್ಟೆ ಅಂಗಡಿಯಲ್ಲಿ, ಕೆಲವರು ಕಿರಾಣಿ ಅಂಗಡಿಯಲ್ಲಿ, ಇನ್ನು ಕೆಲವರು ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಇದ್ದಾರೆ. ಸ್ವಲ್ಪ ಓದಿದ, ಲೆಕ್ಕ ಬಲ್ಲ, ನಂಬಿಕೆಗೆ ಅರ್ಹನೆನಿಸಿದ ಹುಡುಗನನ್ನು ಮಾಲಿಕರು ಗಲ್ಲಾದ ಮೇಲೆ ಕೂರಿಸುತ್ತಾರೆ. ಮನೆಯವರು ಇದನ್ನು ದೊಡ್ಡ ಗೌರವವೆಂದು ಭಾವಿಸುತ್ತಾರೆ. ಗೌರವವೇ ಸರಿ. ಆದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಆ ಹುಡುಗನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ.

ಅಂತಹ ಒಬ್ಬ ಯುವಕ ಒಂದು ದಿನ ಮಗ್ರಿಬ್ ನಮಾಝಿನ ನಂತರ ನನ್ನ ಬಳಿ ಕುಳಿತು ಹೇಳಿದ: "ಮೌಲಾನಾ, ಲೆಕ್ಕದಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ. ಹಿಡಿಯಲಿ. ಆದರೆ ಮಾಲಿಕರು ಆಗ ನನ್ನನ್ನು ನೋಡುವ ರೀತಿ ಇದೆಯಲ್ಲ, ಅದನ್ನು ಸಹಿಸಲಾಗುವುದಿಲ್ಲ. ಈಗೀಗ ಕಡಿಮೆ ಬಾರದ ದಿನವೂ ಹೆದರಿಕೆ. ನಮಾಝಿನಲ್ಲಿ ನಿಂತರೂ ನೋಟು ಎಣಿಸುತ್ತಿರುತ್ತೇನೆ."

ಇದು ಅವನೊಬ್ಬನ ಮಾತಲ್ಲ. ಹಾಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಗಲ್ಲಾದಲ್ಲಿರುವ ಹಣ ಅಮಾನತ್. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅಲ್ಲಾಹನು ಸೂರಃ ಅನ್ನಿಸಾದ 58ನೇ ಸೂಕ್ತದಲ್ಲಿ ಆಜ್ಞಾಪಿಸಿದ್ದಾನೆ. ಅದೇ ಸೂಕ್ತದಲ್ಲಿ, ಜನರ ಮಧ್ಯೆ ತೀರ್ಪು ನೀಡುವಾಗ ನ್ಯಾಯದಿಂದ ತೀರ್ಪು ನೀಡಬೇಕೆಂಬ ಆಜ್ಞೆಯೂ ಇದೆ. ಮೊದಲನೆಯದು ಗಲ್ಲಾದ ಮುಂದೆ ಕುಳಿತವನಿಗಾದರೆ, ಎರಡನೆಯದು ಅವನ ಎದುರು ನಿಂತು ಲೆಕ್ಕ ಕೇಳುವವನಿಗೆ. ನಮ್ಮ ಭಾಷಣಗಳಲ್ಲಿ ಮೊದಲನೆಯದು ಬಹಳ ಕೇಳಿಬರುತ್ತದೆ, ಎರಡನೆಯದು ಅಷ್ಟಾಗಿ ಕೇಳಿಬರುವುದಿಲ್ಲ.

ವಿಶ್ವಸ್ತನಾದ ಖಜಾಂಚಿಯ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ಶುಭವಾರ್ತೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಕೊಡಬೇಕೆಂದು ಹೇಳಿದ್ದನ್ನು ಹೇಳಿದವರಿಗೇ ಪೂರ್ತಿಯಾಗಿ, ಸಂತೋಷದಿಂದ ಕೊಡುವ ಖಜಾಂಚಿಯೂ ದಾನ ನೀಡಿದವರ ಸಾಲಿಗೆ ಸೇರುತ್ತಾನೆ. ಹಣ ಅವನದಲ್ಲ, ಆದರೂ ಪುಣ್ಯದಲ್ಲಿ ಪಾಲಿದೆ. ಆದುದರಿಂದ ಸಹೋದರರೇ, ದಿನವಿಡೀ ಇತರರ ಹಣ ಎಣಿಸುವ ಕೆಲಸ ಕೀಳೆಂದು ಭಾವಿಸಬೇಡಿ.

ಇನ್ನು ನಷ್ಟದ ಹೊಣೆಯ ವಿಷಯ. ಅಮಾನತ್ ಇಟ್ಟುಕೊಂಡವನು ಅತಿಕ್ರಮ ಎಸಗದಿದ್ದರೆ, ನಿರ್ಲಕ್ಷ್ಯ ತೋರದಿದ್ದರೆ, ಅವನ ಕೈಯಲ್ಲಿ ಆದ ನಷ್ಟಕ್ಕೆ ಅವನು ಹೊಣೆಯಲ್ಲವೆಂಬುದು ಫಿಕ್‌ಹಿನ ಪ್ರಸಿದ್ಧ ನಿಯಮ. ಒಬ್ಬನೇ ಮಾಲಿಕನ ಬಳಿ ಸಂಬಳಕ್ಕೆ ದುಡಿಯುವವನನ್ನು ಫುಕಹಾಗಳು 'ಅಜೀರ್ ಖಾಸ್' ಎಂದು ಕರೆಯುತ್ತಾರೆ. ಹನಫೀ ಫಿಕ್‌ಹನ್ನು ಆಧರಿಸಿ 1869ರಿಂದ 1876ರ ತನಕ ತುರ್ಕಿಯ ಉಸ್ಮಾನೀ ಆಡಳಿತ ಸಿದ್ಧಪಡಿಸಿದ 'ಮಜಲ್ಲಾ' ಎಂಬ ಕಾನೂನು ಸಂಹಿತೆಯ 610ನೇ ಕಲಮಿನಲ್ಲಿ, ಅಂತಹ ನೌಕರನು ಅಮೀನ್ ಅಂದರೆ ವಿಶ್ವಸ್ತನೆಂದೇ ಪರಿಗಣಿತನಾಗಿದ್ದಾನೆ. ಗಲ್ಲಾ ತೆರೆದಿಟ್ಟು ಚಹಾ ಕುಡಿಯಲು ಹೋದವನ, ಮೊಬೈಲ್ ನೋಡುತ್ತ ಚಿಲ್ಲರೆ ಕೊಟ್ಟವನ ಮಾತು ಬೇರೆ. ಅದು ನಿರ್ಲಕ್ಷ್ಯ. ಅವನು ತುಂಬಿಕೊಡಬೇಕು, ಗೊಣಗದೆ ಕೊಡಬೇಕು. ಕೊಡಲು ಕಷ್ಟವಿದ್ದರೆ ಅವಕಾಶ ನೀಡುವುದು ಮಾಲಿಕನ ಕರ್ತವ್ಯ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಅಲ್‌ಬಕರಃದ 280ನೇ ಸೂಕ್ತ ಹೇಳುತ್ತದೆ.

ನಮ್ಮ ದೇಶದ ಕಾನೂನು ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ನೌಕರನು ಲೆಕ್ಕ ಕೊಡಬೇಕಾದ ಹಣ ಕಡಿಮೆಯಾದರೆ, ಅದು ನೇರವಾಗಿ ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು, ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲೂ ಅದು ಉಳಿದುಬಂದಿದೆ. "ಕಡಿಮೆ ಬಂದರೆ ನಿನ್ನ ತಲೆಗೆ" ಎಂದು ಬಾಯಿಮಾತಿನಲ್ಲಿ ಮುಗಿಸುವ ಪದ್ಧತಿಗೆ ಅಲ್ಲೂ ಬೆಂಬಲವಿಲ್ಲ, ಇಲ್ಲೂ ಇಲ್ಲ.

ಆದರೆ ಆ ಯುವಕನ ಮುಖ್ಯ ನೋವು ಹಣದ್ದಾಗಿರಲಿಲ್ಲ, ಮಾನದ್ದಾಗಿತ್ತು. ಇದಕ್ಕೆ ನಾವು ಹಝ್ರತ್ ಯೂಸುಫ್(ಅ)ರ ಬಳಿಗೆ ಹೋಗಬೇಕು. ಮಾಡದ ತಪ್ಪಿಗೆ ಅವರು ಸೆರೆಮನೆ ಸೇರಿದರು. ವರ್ಷಗಳು ಕಳೆದವು. ಕೊನೆಗೆ ಅರಸನ ದೂತ ಬಂದು ಕರೆದಾಗ ಬೇರೆ ಯಾರಾಗಿದ್ದರೂ ಬಟ್ಟೆ ಕೊಡವಿಕೊಂಡು ಓಡುತ್ತಿದ್ದರು. ಅವರು ಹೊರಡಲಿಲ್ಲ! ಕೈ ಕೊಯ್ದುಕೊಂಡ ಆ ಸ್ತ್ರೀಯರ ವಿಷಯವೇನೆಂದು ಅರಸನು ಮೊದಲು ವಿಚಾರಿಸಲಿ ಎಂದು ದೂತನನ್ನೇ ಮರಳಿ ಕಳುಹಿಸಿದರು. ವಿಚಾರಣೆ ನಡೆಯಿತು, ಸತ್ಯ ಹೊರಬಂತು. ಆಮೇಲೆ ಅದೇ ಅರಸನ ಮುಂದೆ, ನಾಡಿನ ಭಂಡಾರಗಳನ್ನು ತನಗೆ ವಹಿಸಿಕೊಡಬೇಕೆಂದೂ ತಾನು ಕಾಪಾಡಬಲ್ಲವನು, ಬಲ್ಲವನು ಎಂದೂ ಕೇಳಿದರು. ಸೂರಃ ಯೂಸುಫ್‌ನ 50ರಿಂದ 55ರ ತನಕದ ಸೂಕ್ತಗಳನ್ನು ಅನುವಾದದೊಂದಿಗೆ ಒಮ್ಮೆ ಓದಿ ನೋಡಿ.

ಆರೋಪ ಬಂದಾಗ ಸುಮ್ಮನೆ ತಲೆತಗ್ಗಿಸಿ ನಿಲ್ಲುವುದೇ ಸಬ್ರ್ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ತನ್ನ ಮೇಲಿನ ಕಳಂಕವನ್ನು ಮರ್ಯಾದೆಯಿಂದ, ಕೂಗಾಡದೆ, ವಿಚಾರಣೆ ಮಾಡಿಸಿ ತೊಳೆದುಕೊಳ್ಳುವುದು ಪ್ರವಾದಿಗಳ ಮಾರ್ಗ. "ಸಾಹುಕಾರರೇ, ನೀವೇ ಕುಳಿತು ನನ್ನ ಜೊತೆ ಇನ್ನೊಮ್ಮೆ ಎಣಿಸಿ, ಇಂದಿನ ಬಿಲ್ಲುಗಳನ್ನು ತಾಳೆ ನೋಡೋಣ" ಎಂದು ಹೇಳುವುದರಲ್ಲಿ ಉದ್ಧಟತನವೇನೂ ಇಲ್ಲ.

ಮಾಲಿಕರಾಗಿರುವ ವಾಚಕರು ಮದೀನಾದ ಒಂದು ಘಟನೆಯನ್ನು ಗಮನಿಸಬೇಕು. ತುಅ್‌ಮಾ ಎಂಬವನು ಒಂದು ಕವಚವನ್ನು ಕದ್ದು, ಅದನ್ನು ಒಬ್ಬ ಯಹೂದಿಯ ಬಳಿ ಇಟ್ಟು, ಕಳ್ಳತನವನ್ನು ಅವನ ತಲೆಗೆ ಕಟ್ಟಿದನೆಂದು ತಫ್ಸೀರ್‌ಗಳಲ್ಲಿದೆ. ತುಅ್‌ಮಾನ ಕುಟುಂಬದವರು ಅವನ ಪರವಾಗಿ ವಾದಿಸಿದರು. ಆಗ ಅನ್ನಿಸಾದ 105ರಿಂದ 112ರ ತನಕದ ಸೂಕ್ತಗಳು ಅವತೀರ್ಣವಾಗಿ ಆ ಯಹೂದಿಯನ್ನು ನಿರ್ದೋಷಿಯೆಂದು ಸಾರಿದವು. ತಾನು ಮಾಡಿದ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸುವವನು ಸುಳ್ಳಾರೋಪದ ಮತ್ತು ಸ್ಪಷ್ಟ ಪಾಪದ ಭಾರ ಹೊತ್ತನೆಂದು 112ನೇ ಸೂಕ್ತ ಎಚ್ಚರಿಸುತ್ತದೆ. ನಮ್ಮವನು, ಅವರವನು ಎಂದು ಅಲ್ಲಾಹನು ನೋಡಲಿಲ್ಲ. ನಿಮ್ಮ ಅಂಗಡಿಯಲ್ಲಿ ದುಡಿಯುವ ಗೌಡರ ಹುಡುಗನಿಗೂ, ಭಟ್ಟರ ಹುಡುಗನಿಗೂ, ನಿಮ್ಮ ಸ್ವಂತ ಸೋದರಳಿಯನಿಗೂ ಒಂದೇ ತಕ್ಕಡಿ. ಸೋದರಳಿಯ ಗಲ್ಲಾಕ್ಕೆ ಕೈಹಾಕಿದ್ದನ್ನು ಕಂಡೂ ಕಾಣದಂತೆ ಇದ್ದು, ಸಂಜೆ ಸಂಬಳದ ಹುಡುಗನನ್ನು ಪ್ರಶ್ನಿಸುವವರು ನಮ್ಮಲ್ಲಿ ಇಲ್ಲವೇ?

ನೋಡಿದರೆ, ಹಣ ಕಡಿಮೆ ಬೀಳುವುದು ಹೆಚ್ಚಾಗಿ ಕಳ್ಳತನದಿಂದಲ್ಲ. ಮಾಲಿಕರೇ ಲಾರಿ ಬಾಡಿಗೆಗೆಂದು ಎರಡು ಸಾವಿರ ತೆಗೆದಿರುತ್ತಾರೆ, ಮರೆತಿರುತ್ತಾರೆ. ಗಿರಾಕಿ ಫೋನಿನಲ್ಲಿ ಹಣ ಕಳುಹಿಸಿದ್ದು ನಗದೆಂದು ಬರೆದಿರುತ್ತದೆ. ಉದ್ರಿ ಕೊಟ್ಟದ್ದನ್ನು ಬರೆದಿರುವುದಿಲ್ಲ. ಸಂಜೆಯ ಮಬ್ಬಿನಲ್ಲಿ, ಕರೆಂಟು ಹೋದಾಗ, ಇಪ್ಪತ್ತರ ನೋಟೆಂದು ಇನ್ನೂರರ ನೋಟು ಹೋಗಿರುತ್ತದೆ. ಎರಡೂ ಹಳದಿ ಛಾಯೆಯವು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ದಿನಗಳಲ್ಲಿ ಅಂಗಡಿಯ ನೂಕುನುಗ್ಗಲು ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಒಂದೇ ಗಲ್ಲಾಕ್ಕೆ ಮೂರು ಕೈ ಬಿದ್ದರೆ ಒಬ್ಬನನ್ನು ಹೊಣೆ ಮಾಡುವುದು ಯಾವ ನ್ಯಾಯ?

ಬರೆದಿಡಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್‌ಬಕರಃದ 282. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದೆಂದೂ ಹಾಗೆ ಬರೆಯುವುದು ಸಂಶಯಕ್ಕೆ ಎಡೆಯಿಲ್ಲದಂತೆ ಮಾಡುತ್ತದೆಂದೂ ಅಲ್ಲಿ ತಿಳಿಸಲಾಗಿದೆ. ಬೆಳಗ್ಗೆ ಗಲ್ಲಾದಲ್ಲಿ ಎಷ್ಟು ಚಿಲ್ಲರೆ ಇಟ್ಟಿದ್ದಾರೆಂದು ಎಣಿಸದೆ ಕೂರಬೇಡಿ. ಮಾಲಿಕರು ಹಣ ತೆಗೆದರೂ ಒಂದು ಚೀಟಿ ಹಾಕಿ. ಊಟಕ್ಕೆ, ನಮಾಝಿಗೆ ಎದ್ದಾಗ ಮತ್ತೊಬ್ಬರು ಕುಳಿತರೆ ಎಣಿಸಿ ಒಪ್ಪಿಸಿ. ಚೀಟಿ ಕೇಳಿದರೆ ಸಾಹುಕಾರರು ಬೇಸರಿಸಿಕೊಂಡಾರೆಂದು ಸಂಕೋಚಪಡುವವನು ರಾತ್ರಿ ಅದಕ್ಕಿಂತ ದೊಡ್ಡ ಸಂಕಟ ಅನುಭವಿಸುತ್ತಾನೆ.

ಇಲ್ಲಿ ಒಂದು ಗುಪ್ತ ರೋಗದ ಬಗ್ಗೆ ಹೇಳಲೇಬೇಕು. ಒಂದು ದಿನ ಐವತ್ತು ರೂಪಾಯಿ ಹೆಚ್ಚು ಬಂದರೆ ಅದನ್ನು ಹೇಳದೆ, ನಾಳೆ ಕಡಿಮೆ ಬಂದರೆ ಇರಲಿ ಎಂದು ಮೂಲೆಯಲ್ಲಿ ತೆಗೆದಿಡುವುದು. ಬಯ್ಗುಳಕ್ಕೆ ಹೆದರಿದ ಒಳ್ಳೆಯ ಹುಡುಗರೇ ಇದನ್ನು ಮಾಡುತ್ತಾರೆ, ತಪ್ಪೆಂದು ಅವರಿಗೆ ತೋರುವುದೂ ಇಲ್ಲ. ಆದರೆ ಆ ಐವತ್ತು ಯಾರದೋ ಗಿರಾಕಿಯದ್ದು. ಚಿಲ್ಲರೆ ಕಡಿಮೆ ಪಡೆದು ಹೋದ ಮುದುಕಿಯೊಬ್ಬಳದ್ದಾಗಿರಬಹುದು. ಅದನ್ನು ಪುಸ್ತಕದಲ್ಲಿ ಬರೆದು ಬೇರೆಯಾಗಿ ಇಡಬೇಕು, ಕೇಳಿಕೊಂಡು ಬಂದವರಿಗೆ ಕೊಡಬೇಕು. ಬಿದ್ದು ಸಿಕ್ಕ ವಸ್ತುವನ್ನು ಒಂದು ವರ್ಷ ಸಾರಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೆಚ್ಚು ಬಂದದ್ದನ್ನು ಹೇಳುವ ಹುಡುಗ ಕಡಿಮೆ ಬಂದಿದೆ ಎಂದಾಗ ಮಾಲಿಕನೂ ನಂಬುತ್ತಾನೆ, ಇದು ಬೇರೆ ಮಾತು.

ಇನ್ನೊಂದು ಕೆಟ್ಟ ರೂಢಿ, ಕುರ್‌ಆನ್ ಮುಟ್ಟಿಸಿ ಆಣೆ ಮಾಡಿಸುವುದು. ಆರೋಪ ಮಾಡುವವನು ಪುರಾವೆ ತರಬೇಕು, ನಿರಾಕರಿಸುವವನು ಪ್ರಮಾಣ ಮಾಡಬೇಕು ಎಂಬುದು ಇಸ್ಲಾಮಿನ ನ್ಯಾಯಪದ್ಧತಿ. ಪುರಾವೆ ಹುಡುಕುವ ಶ್ರಮವನ್ನೇ ಪಡದೆ, ನಾಲ್ಕು ಗಿರಾಕಿಗಳ ಮುಂದೆ ಹುಡುಗನಿಂದ ಆಣೆ ಮಾಡಿಸಿ, ಆಣೆ ಮಾಡಿದ ಮೇಲೂ ಸಂಬಳ ಹಿಡಿಯುವುದು ಆ ಪದ್ಧತಿಯ ಅಪಹಾಸ್ಯ.

ಕೊನೆಯದಾಗಿ ಆ ಭಯದ ವಿಷಯ. ನಮಾಝಿನ ಹೊತ್ತಲ್ಲದ ಹೊತ್ತಿನಲ್ಲಿ ಮಸೀದಿಯಲ್ಲಿ ಕುಳಿತಿದ್ದ ಅಬೂ ಉಮಾಮಾ(ರ)ರನ್ನು ಕಂಡು ಪ್ರವಾದಿವರ್ಯರು(ಸ) ಕಾರಣ ಕೇಳಿದರು. ಚಿಂತೆಗಳೂ ಸಾಲವೂ ಎಂದು ಅವರು ಉತ್ತರಿಸಿದರು. ಆಗ ಬೆಳಗ್ಗೆ ಮತ್ತು ಸಂಜೆ ಹೇಳಲು ಒಂದು ದುಆ ಕಲಿಸಿಕೊಟ್ಟದ್ದು ಅಬೂದಾವೂದ್‌ನಲ್ಲಿದೆ. ಚಿಂತೆ, ದುಃಖ, ಸೋಮಾರಿತನ, ಹೇಡಿತನಗಳಿಂದ ಅಭಯ ಬೇಡಿದ ಬಳಿಕ ಅದರ ಕೊನೆಯಲ್ಲಿ ಸಾಲದ ಹೊರೆಯಿಂದಲೂ ಜನರ ದಬ್ಬಾಳಿಕೆಯಿಂದಲೂ ಅಲ್ಲಾಹನ ಅಭಯ ಬೇಡಲಾಗಿದೆ. ಮಾಲಿಕನ ಮುಖ ನೋಡಿ ನಡುಗುವವನಿಗೆ ಈ ದುಆ ಎಷ್ಟು ಹತ್ತಿರದ್ದು! ನಿಮ್ಮ ಊರಿನ ಮದ್ರಸದ ಉಸ್ತಾದರಿಂದ ಅದನ್ನು ಬಾಯಿಪಾಠ ಮಾಡಿಕೊಳ್ಳಿ. ಬೆಳಗಿನ ಬಸ್ಸಿನಲ್ಲಿ ಒಮ್ಮೆ, ಗಲ್ಲಾ ಎಣಿಸಲು ಕೂರುವ ಮೊದಲು ಇನ್ನೊಮ್ಮೆ ಹೇಳಿರಿ. ಆ ಮೇಲೆ ಮಾಲಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಿರಿ.